ಭೀಮಾ ತೀರದ ಸವಾರಿ ಬಂಡಿ: ಕುಟುಂಬದ ಪಯಣಕ್ಕೆ ಹಗುರ ವಾಹನದ ಆಯ್ಕೆ ಕುರಿತು ಒಂದು ಟಿಪ್ಪಣಿ

1. ವಿಷಯದ ಹರಹು

ಮನೆಮಂದಿಯನ್ನೆಲ್ಲ ಕರೆದುಕೊಂಡು ಊರ ಹೊರಗೆ ನಾಲ್ಕಾರು ದಿನ ಬೀಡುಬಿಡಲು ಯಾವ ಬಂಡಿ ತಕ್ಕದ್ದು ಎಂಬ ಪ್ರಶ್ನೆ ಇಂದು ಕಾರಿನ ಹಿಂದೆ ಕಟ್ಟುವ ಟ್ರೇಲರ್ ಕೊಳ್ಳುವವರಿಗೆ ಎದುರಾಗುತ್ತಿದೆ. ಜೇವರ್ಗಿ ತಾಲ್ಲೂಕಿನ ಕೊಳಕೂರ ಮತ್ತು ಅಫಜಲಪುರ, ಆಳಂದ ಸೀಮೆಯ ಒಕ್ಕಲು ಮನೆಗಳಿಗೆ ಇದು ಹಳೆಯ ಪ್ರಶ್ನೆ. ಎಳ್ಳ ಅಮಾವಾಸ್ಯೆಗೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ, ಹೋಳಿ ಹುಣ್ಣಿಮೆ ಕಳೆದ ಮೇಲೆ ಕಲಬುರಗಿಯ ಶರಣಬಸವೇಶ್ವರ ಜಾತ್ರೆಗೆ, ದತ್ತ ಜಯಂತಿಗೆ ಭೀಮಾ–ಅಮರ್ಜಾ ಸಂಗಮದ ಗಾಣಗಾಪುರಕ್ಕೆ ಬಂಡಿ ಹೂಡಿ ಹೊರಡುವುದು ಇಲ್ಲಿನ ರೂಢಿಯಾಗಿತ್ತು. 1871ರಲ್ಲಿ ರಾಯಚೂರಿನಲ್ಲಿ ಕೂಡಿಕೊಂಡ ಮುಂಬೈ–ಮದರಾಸು ರೈಲು ಮಾರ್ಗ ಕಲಬುರಗಿಯನ್ನು ಹಾಯ್ದುಹೋದರೂ ಭೀಮೆಯ ಆಚೆ ದಡದ ಜೇವರ್ಗಿ ಸೀಮೆ ಆ ಹಳಿಯ ಹೊರಗೇ ಉಳಿಯಿತು. ಇಲ್ಲಿನವರ ಪಯಣಕ್ಕೆ ಎತ್ತು ಮತ್ತು ಬಂಡಿಯೇ ದಿಕ್ಕಾಗಿದ್ದವು.

ಜೇವರ್ಗಿಯಿಂದ ಕಲಬುರಗಿ ಸುಮಾರು 40 ಕಿ.ಮೀ. ಹೇರು ಹೊತ್ತ ಜೋಡೆತ್ತು ಗಂಟೆಗೆ 3–4 ಕಿ.ಮೀ. ನಡೆಯುತ್ತದೆ. ಎತ್ತಿಗೆ ನೀರು, ಮೇವು, ನೆರಳಿನ ಬಿಡುವು ಕೊಟ್ಟರೆ ದಿನಕ್ಕೆ 25–30 ಕಿ.ಮೀ. ಸಾಗಿದರೆ ಹೆಚ್ಚು. ಹಾಗಾಗಿ ಹಾದಿಯಲ್ಲಿ ಒಂದು ರಾತ್ರಿಯ ತಂಗು ತಪ್ಪುತ್ತಿರಲಿಲ್ಲ. ಬಂಡಿ ಓಡಾಟದ ಸಾಧನವಷ್ಟೇ ಆಗಿರದೆ ರಾತ್ರಿಯ ಮನೆಯೂ ಆದದ್ದು ಇದರಿಂದ. ಈ ಬಂಡಿಯನ್ನು ಆರಿಸುವಾಗ ಹಿಂದಿನವರು ನೋಡುತ್ತಿದ್ದ ಗುಣಗಳೇ ಇಂದಿನ ಟ್ರೇಲರಿಗೂ ಸರಿಯಾದ ಅಳತೆಗೋಲು ಎಂಬುದು ಈ ಟಿಪ್ಪಣಿಯ ವಾದ.

2. ಎರಡು ಬಗೆಯ ಬಂಡಿ

ಉತ್ತರ ಕರ್ನಾಟಕದಲ್ಲಿ ಹೇರಿನ ಬಂಡಿ ಬೇರೆ, ಸವಾರಿ ಬಂಡಿ ಬೇರೆ. ಗೊಬ್ಬರ, ಕಣಿಕೆ, ಜೋಳದ ಚೀಲ ಸಾಗಿಸುವ ಹೇರಿನ ಬಂಡಿಗೆ ದಪ್ಪ ಮರದ ಚೌಕಟ್ಟು, ಭಾರದ ಗಾಲಿ. ಸವಾರಿ ಬಂಡಿಗೆ ಕಿರಿದಾದ ಮೈ, ತೆಳುವಾದ ಅರ, ಮೇಲೆ ಬಿದಿರು ಬಾಗಿಸಿ ಕಟ್ಟಿದ ಕಮಾನು. ಕೆಲವು ಕಡೆ ಇದನ್ನು ಕೊಲ್ಲಾರಿ ಬಂಡಿ ಎಂದೂ ಕರೆಯುತ್ತಾರೆ. ಹೇರಿನ ಬಂಡಿಗೆ ಕೃಷ್ಣಾ ಕೊಳ್ಳದ ತಳಿಯ ಮೈಗಟ್ಟಿನ ಎತ್ತು ಒಪ್ಪಿದರೆ, ಸವಾರಿ ಬಂಡಿಗೆ ಚುರುಕು ನಡೆಯ ಖಿಲಾರಿ ಜೋಡಿ ಒಪ್ಪುತ್ತಿತ್ತು. ಎಳೆಯುವ ಪ್ರಾಣಿಯನ್ನೂ ಎಳೆಸಿಕೊಳ್ಳುವ ಬಂಡಿಯನ್ನೂ ಜೊತೆಯಾಗಿಯೇ ಆರಿಸುತ್ತಿದ್ದರು. ದಿನವಿಡೀ ದಣಿಯದೆ ಎಳೆಯುವಾಗ ಎತ್ತಿನ ಎಳೆತದ ಬಲ ಅದರ ಮೈತೂಕದ ಸುಮಾರು ಹತ್ತರಲ್ಲೊಂದು ಪಾಲು. 800 ಕಿಲೋ ತೂಗುವ ಜೋಡಿಗೆ ಅದು 80 ಕಿಲೋದಷ್ಟಾಯಿತು. ಖಾಲಿ ಬಂಡಿಯ ತೂಕ ಏರಿದಷ್ಟೂ ಆ ಬಲ ಮರ ಎಳೆಯುವುದರಲ್ಲೇ ಸವೆಯುತ್ತದೆ, ಮಂದಿಗೆ ಉಳಿಯುವುದು ಕಡಿಮೆ.

ಹೋಲಿಕೆಗೆ ಇಂಗ್ಲೆಂಡಿನ ಒಂದು ನಿದರ್ಶನ ನೋಡಬಹುದು. ವಿಹಾರಕ್ಕೆಂದೇ ಕಟ್ಟಿಸಿದ ಮೊದಲ ಕಾರವಾನ್ ಎಂದು ಹೆಸರಾದ ‘ವಾಂಡರರ್’ ಅನ್ನು ವಿಲಿಯಂ ಗೋರ್ಡನ್ ಸ್ಟೇಬಲ್ಸ್ ಎಂಬ ವೈದ್ಯ–ಲೇಖಕ 1885ರಲ್ಲಿ ಮಾಡಿಸಿದರು. ಎರಡು ಟನ್ನಿನ ಆಸುಪಾಸಿನ ಆ ವಾಹನವನ್ನು ಎರಡು ಕುದುರೆ ಎಳೆಯಬೇಕಿತ್ತು. ಸಿರಿವಂತಿಕೆಯ ವಿಹಾರದಿಂದ ಹುಟ್ಟಿದ ವಾಹನ ಮನೆಯ ಸೌಕರ್ಯವನ್ನೆಲ್ಲ ಹೊತ್ತು ನಡೆಯಿತು. ಒಕ್ಕಲುತನದಿಂದ ಹುಟ್ಟಿದ ಸವಾರಿ ಬಂಡಿ ಎತ್ತಿನ ಹೆಗಲನ್ನು ಮೊದಲು ನೋಡಿತು.

3. ಮುಂಭಾರ, ಹಿಂಭಾರ

ಎರಡು ಗಾಲಿಯ ಬಂಡಿ ತಕ್ಕಡಿಯಂತೆ ಅಚ್ಚಿನ ಮೇಲೆ ತೂಗುತ್ತದೆ. ಭಾರ ಮುಂದಾದರೆ ನೊಗ ಎತ್ತಿನ ಹೆಗಲನ್ನು ಒತ್ತುತ್ತದೆ. ಹಿಂದಾದರೆ ನೊಗ ಕಟ್ಟುವ ಮುಂಗೋಲಾದ ಮೂಕಿ ಮೇಲೆದ್ದು, ಕೊರಳ ಪಟ್ಟಿಯಾದ ಜತ್ತಿಗೆ ಗಂಟಲನ್ನು ಬಿಗಿಯುತ್ತದೆ. ರೈತರ ಮಾತಿನಲ್ಲಿ ಇವು ಮುಂಭಾರ, ಹಿಂಭಾರ. ಲೆಕ್ಕ ಸುಲಭ. ಅಚ್ಚಿನಿಂದ ನೊಗಕ್ಕೆ 3 ಮೀಟರ್ ಇದೆ, ಮಂದಿ ಮತ್ತು ಸಾಮಾನು ಸೇರಿ ಬಂಡಿ 600 ಕಿಲೋ ತೂಗುತ್ತದೆ ಎಂದಿಟ್ಟುಕೊಳ್ಳೋಣ. ಭಾರದ ನಡು ಅಚ್ಚಿಗಿಂತ 10 ಸೆಂ.ಮೀ. ಮುಂದಿದ್ದರೆ ನೊಗದ ಮೇಲೆ 20 ಕಿಲೋ ಬೀಳುತ್ತದೆ, 30 ಸೆಂ.ಮೀ. ಮುಂದಿದ್ದರೆ 60 ಕಿಲೋ. ಒಂದು ಜೋಳದ ಚೀಲವನ್ನು ಒಂದು ಮೊಳ ಆಚೀಚೆ ಸರಿಸುವುದರಲ್ಲಿ ಎತ್ತಿನ ದಿನದ ಸುಖದುಃಖ ಅಡಗಿತ್ತು. ಏರು ಬಂದಾಗ ಮಂದಿ ಮುಂದೆ ಸರಿದು ಕೂಡುವುದು, ಇಳಿಜಾರಿನಲ್ಲಿ ಹಿಂದಕ್ಕೆ ಸರಿಯುವುದು ಈ ತಿಳಿವಳಿಕೆಯ ಫಲ.

ಬೆಂಗಳೂರಿನ ಭಾರತೀಯ ನಿರ್ವಹಣಾ ಸಂಸ್ಥೆಯ ನಿರ್ದೇಶಕರಾಗಿದ್ದ ಎನ್.ಎಸ್. ರಾಮಸ್ವಾಮಿ ಎತ್ತಿನ ಬಂಡಿಯ ಸುಧಾರಣೆಗೆ ಬಹುಕಾಲ ದುಡಿದವರು. ನೊಗದ ಒರಟುತನ, ಸಮತೋಲವಿಲ್ಲದ ಹೇರು, ಅಚ್ಚಿನ ತಿಕ್ಕಾಟ ಇವುಗಳಿಂದ ಎತ್ತಿನ ಹೆಗಲು ಹುಣ್ಣಾಗುವುದನ್ನು ಅವರು ದೇಶದ ಗಮನಕ್ಕೆ ತಂದರು. ಹಗುರತನವೆಂದರೆ ಒಟ್ಟು ತೂಕ ಮಾತ್ರವಲ್ಲ, ಆ ತೂಕ ಎಲ್ಲಿ ಕೂತಿದೆ ಎಂಬುದೂ ಹೌದು ಎನ್ನುವುದಕ್ಕೆ ಅವರ ಕಾಳಜಿಯೇ ಸಾಕ್ಷಿ.

4. ಗಾಲಿ, ನೆಲ, ಬಿಸಿಲು

ಈ ಸೀಮೆಯದು ಎರೆ ನೆಲ. ಒಣಗಿದಾಗ ಬಿರುಕು, ಮಳೆಯಾದರೆ ಗಾಲಿಗೆ ಮೆತ್ತಿಕೊಳ್ಳುವ ಕೆಸರು. ಆಳೆತ್ತರದ ದೊಡ್ಡ ಗಾಲಿ ತಗ್ಗು–ದಿಣ್ಣೆಯನ್ನು ಸುಲಭವಾಗಿ ದಾಟುತ್ತದೆ, ಬಂಡಿಯ ಮೈಯನ್ನೂ ಎತ್ತರದಲ್ಲಿಡುತ್ತದೆ. ಬಡಿಗೇರ ಗಾಲಿ ಜೋಡಿಸಿದ ಮೇಲೆ ಕಂಬಾರ ಕಬ್ಬಿಣದ ಪಟ್ಟಿಯನ್ನು ಕುಳ್ಳಿನ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಗಾಲಿಗೆ ತೊಡಿಸಿ, ನೀರು ಹೊಯ್ದು ಬಿಗಿಸುತ್ತಿದ್ದ. ಆದರೆ ಕಿರಿದಾದ ಪಟ್ಟಿ ಹಸಿ ಎರೆಯಲ್ಲಿ ಹೂಳುತ್ತದೆ, ಗಟ್ಟಿ ರಸ್ತೆಯಲ್ಲಿ ಮೈ ಕುಲುಕಿಸುತ್ತದೆ. ಆಮೇಲೆ ಬಂದ ಗಾಳಿ ಟೈರಿನ ಬಂಡಿ ಡಾಂಬರು ರಸ್ತೆಯಲ್ಲಿ ಎಳೆತವನ್ನು ಬಹಳ ಹಗುರಾಗಿಸಿತು, ಕೀಲೆಣ್ಣೆಯ ಕೆಲಸವನ್ನು ಬೇರಿಂಗ್ ವಹಿಸಿಕೊಂಡಿತು. ಗಾಲಿಯ ಒಳ್ಳೆಯದು ಕೆಟ್ಟದ್ದು ನಿರ್ಧಾರವಾಗುವುದು ಅದು ತುಳಿಯುವ ನೆಲದಿಂದ.

ಚಪ್ಪರದ ಮಾತೂ ಹಾಗೆಯೇ. ಶರಣಬಸವೇಶ್ವರ ಜಾತ್ರೆ ಬರುವ ಹೊತ್ತಿಗೆ ಬಿಸಿಲು ಏರತೊಡಗಿರುತ್ತದೆ, ಮೇ ತಿಂಗಳಲ್ಲಿ ಕಲಬುರಗಿಯಲ್ಲಿ 40 ಡಿಗ್ರಿ ದಾಟುವುದು ವಾಡಿಕೆ. ಬಿದಿರ ತಟ್ಟಿಯ ಮೇಲೆ ಕಂಬಳಿ ಹೊದಿಸಿ ಎರಡೂ ತುದಿ ತೆರೆದಿಟ್ಟ ಕಮಾನು ನೆರಳು ಕೊಟ್ಟು ಗಾಳಿಯನ್ನೂ ಬಿಡುತ್ತಿತ್ತು. ಬೀಡಿನಲ್ಲಿ ಕೊಳ್ಳು ಹರಿದು (ಎತ್ತುಗಳನ್ನು ನೊಗದಿಂದ ಬಿಚ್ಚಿ), ಮೂಕಿಗೆ ಊರುಗೋಲು ಕೊಟ್ಟು, ಎರಡು ಬಂಡಿಗಳ ನಡುವೆ ಜಮಖಾನ ಕಟ್ಟಿದರೆ ಪಡಸಾಲೆ ಸಿದ್ಧ. ಬಂಡಿಯ ಕೆಳಗೆ ಮಕ್ಕಳ ನೆರಳು, ಎದುರಿಗೆ ಮೂರು ಕಲ್ಲಿನ ಒಲೆ, ಬುತ್ತಿಗಂಟಿನಲ್ಲಿ ವಾರವಾದರೂ ಕೆಡದ ಖಡಕ್ ರೊಟ್ಟಿ ಮತ್ತು ಶೇಂಗಾ ಹಿಂಡಿ. ಬೀಡಿನ ಅರ್ಧ ಮನೆ ಬಂಡಿಯ ಹೊರಗೇ ಹರಡಿಕೊಳ್ಳುತ್ತಿತ್ತು. ಒಳಮೈ ಚಿಕ್ಕದಿದ್ದರೂ ಸಂಸಾರ ಇಕ್ಕಟ್ಟಾಗದಿರಲು ಇದೇ ಕಾರಣ.

5. ಟ್ರ್ಯಾಕ್ಟರಿನ ಟ್ರೇಲರ್

ಇಂದು ಜಾತ್ರೆಯ ಹಾದಿಯಲ್ಲಿ ಸವಾರಿ ಬಂಡಿಯ ಜಾಗವನ್ನು ಟ್ರ್ಯಾಕ್ಟರ್ ಟ್ರೇಲರ್ ಹಿಡಿದಿದೆ. ಇದು ಹೇರಿನ ಬಂಡಿಯ ವಂಶದ್ದು, ಸವಾರಿ ಬಂಡಿಯದ್ದಲ್ಲ. ಕಬ್ಬು, ಕಲ್ಲು, ಮರಳಿಗೆಂದು ಮಾಡಿದ ಸರಕು ವಾಹನ. ಮಂದಿಯನ್ನು ಕೂಡಿಸಿ ಸಾಗಿಸಲು ಕಾನೂನು ಒಪ್ಪುವುದಿಲ್ಲ. ಎತ್ತರದಲ್ಲಿ ಕೂತ ಜನರಿಂದ ಭಾರದ ನಡು ಮೇಲೇರುತ್ತದೆ, ತಿರುವಿನಲ್ಲಿ ಮಗುಚುವ ಅಪಾಯ ಹೆಚ್ಚುತ್ತದೆ. ಅಜ್ಜಿ–ಮೊಮ್ಮಕ್ಕಳನ್ನು ಅದರಲ್ಲಿ ತುಂಬಿ ಹೆದ್ದಾರಿಗೆ ಇಳಿಯುವುದನ್ನು ಸಂಪ್ರದಾಯದ ಮುಂದುವರಿಕೆ ಎನ್ನಲಾಗದು.

6. ಇಂದಿನ ಹಗುರ ಟ್ರೇಲರಿಗೆ ಅನ್ವಯ

ಭಾರತದ ವಾಹನ ವರ್ಗೀಕರಣದಲ್ಲಿ ಒಟ್ಟು ತೂಕ 750 ಕಿಲೋ ಮೀರದ ಟ್ರೇಲರ್ ಟಿ–1 ವರ್ಗಕ್ಕೂ ಅಲ್ಲಿಂದ 3.5 ಟನ್‌ವರೆಗಿನದು ಟಿ–2 ವರ್ಗಕ್ಕೂ ಸೇರುತ್ತದೆ. ನಾಲ್ವರ ಸಂಸಾರಕ್ಕೆ ಮೊದಲ ವರ್ಗದ ಮಿತಿಯೊಳಗೆ ಏನು ಹಿಡಿಸುತ್ತದೆ ಎಂದು ಕೂಡಿ ನೋಡೋಣ. ಖಾಲಿ ಟ್ರೇಲರ್ 500 ಕಿಲೋ ಇದ್ದರೆ ಉಳಿಯುವುದು 250. ನೀರು 60 ಲೀಟರ್ ಅಂದರೆ 60 ಕಿಲೋ. ಮನೆಬಳಕೆಯ ತುಂಬಿದ ಗ್ಯಾಸ್ ಸಿಲಿಂಡರ್ ಸುಮಾರು 30 ಕಿಲೋ. ಹಾಸಿಗೆ–ಹೊದಿಕೆ 60, ಪಾತ್ರೆ–ದಿನಸಿ 50, ಡೇರೆ–ಹತಾರ 30 ಎಂದರೆ 230 ಆಯಿತು, ಮಿಕ್ಕಿದ್ದು 20. ಮಾರುವವರು ಹೇಳುವ ಖಾಲಿ ತೂಕವನ್ನೇ ನಂಬಿ ಕೊಂಡರೆ ಮೊದಲ ಪಯಣದಲ್ಲೇ ಮಿತಿ ದಾಟಬಹುದು.

ಮುಂಭಾರದ ನಿಯಮ ಇಲ್ಲೂ ಹಾಗೆಯೇ ನಿಲ್ಲುತ್ತದೆ. ಟ್ರೇಲರಿನ ಮೂಕಿ ಕಾರಿನ ಕೊಂಡಿಯ ಮೇಲೆ ಒಟ್ಟು ತೂಕದ ಶೇ. 10ರಿಂದ 15ರಷ್ಟು ಒತ್ತಬೇಕೆಂಬುದು ಅಮೆರಿಕದ ರೂಢಿ. 700 ಕಿಲೋಗೆ ಅದು 70 ಕಿಲೋದಿಂದ ಮೊದಲಾಗುತ್ತದೆ. ಹಿಂಭಾರವಾದರೆ ವೇಗದಲ್ಲಿ ಟ್ರೇಲರ್ ಬಾಲದಂತೆ ಅಲ್ಲಾಡಿ ಕಾರನ್ನೂ ಎಳೆದಾಡುತ್ತದೆ. ಆದ್ದರಿಂದ ನೀರಿನ ತೊಟ್ಟಿ ಅಚ್ಚಿನ ಹತ್ತಿರ, ತಳದಲ್ಲಿ ಇರುವುದು ಒಳ್ಳೆಯದು. ಕಾರಿನ ಎಳೆತದ ಮಿತಿ ಮತ್ತು ಕೊಂಡಿ ತಾಳುವ ಭಾರವನ್ನು ಕಾರಿನ ಕೈಪಿಡಿಯಲ್ಲಿ ಮೊದಲು ನೋಡಬೇಕು, ಆಮೇಲೆ ಟ್ರೇಲರ್ ಹುಡುಕಬೇಕು. ಎತ್ತನ್ನು ನೋಡಿ ಬಂಡಿ ಮಾಡಿಸಿದ ಕ್ರಮ ಇದೇ. ತಗಡಿನ ಮಾಡು ನಮ್ಮ ಬಿಸಿಲಿಗೆ ಕಾವಲಿಯಾಗುತ್ತದೆ. ಬಿಳಿ ಬಣ್ಣ, ಎದುರು–ಬದುರು ಕಿಟಕಿ, ಮೇಲೊಂದು ನೆರಳಿನ ಬಟ್ಟೆ ಇರುವುದನ್ನೇ ಆರಿಸಬೇಕು. ಮಳೆಗಾಲದಲ್ಲಿ ಎರೆ ಹೊಲಕ್ಕೆ ಇಳಿಸದೆ ಗಟ್ಟಿಯಾದ ಮರಡಿ ನೆಲದಲ್ಲಿ ಬೀಡುಬಿಡಬೇಕು. ಟ್ರೇಲರ್ ಓಡುವಾಗ ಅದರೊಳಗೆ ಯಾರೂ ಕೂಡಬಾರದು.

7. ತೀರ್ಮಾನ

ಎಳೆಯುವ ಬಲ, ತುಂಬಿದ ತೂಕ, ಭಾರದ ಜಾಗ, ನೆಲಕ್ಕೆ ಒಪ್ಪುವ ಗಾಲಿ, ಗಾಳಿಯಾಡುವ ನೆರಳು. ಇದೇ ಅನುಕ್ರಮದಲ್ಲಿ ನೋಡಿ ಆರಿಸಿದ ಟ್ರೇಲರ್ ಸಂಸಾರಕ್ಕೆ ಹಗುರ. ಒಳಗಿನ ಅಲಂಕಾರದಿಂದ ಶುರುಮಾಡಿದ ಆಯ್ಕೆ ಭಾರವಾಗಿಯೇ ಮುಗಿಯುತ್ತದೆ. ಈ ಅನುಕ್ರಮವನ್ನು ನಮಗೆ ಕಲಿಸಿದ್ದು ಭೀಮಾ ತೀರದ ಬಡಿಗೇರ, ಕಂಬಾರ ಮತ್ತು ಒಕ್ಕಲಿಗ.

ಕೊಳಕೂರ, ಅಫಜಲಪುರ, ಆಳಂದ ಸೀಮೆಯ ಓದುಗರಲ್ಲಿ ಒಂದು ಕೋರಿಕೆ. ನಿಮ್ಮ ಕೊಟ್ಟಿಗೆಯ ಮೂಲೆಯಲ್ಲಿ ಹಳೆಯ ಸವಾರಿ ಬಂಡಿಯ ಗಾಲಿ, ಅಚ್ಚು, ಮೂಕಿ ಉಳಿದಿದ್ದರೆ ಒಲೆಗೆ ಹಾಕುವ ಮೊದಲು ಅಳತೆ ತೆಗೆದು ಬರೆದಿಡಿ. ಅದನ್ನು ಮಾಡಿದ ಬಡಿಗೇರರು ಇನ್ನೂ ಊರಲ್ಲಿದ್ದರೆ ಅವರ ಪಕ್ಕದಲ್ಲಿ ಕೂತು, ಪ್ರತಿಯೊಂದು ಭಾಗದ ಹೆಸರನ್ನು ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳಿ.