ತಾಂಜಾನಿಯದ ಬಡಮಕ್ಕಳೂ ಧರ್ಮಸಭೆಯ ಶಾಲೆಗಳೂ

ನಮ್ಮ ಧರ್ಮಕೇಂದ್ರವು ನೂರು ವರ್ಷಗಳನ್ನು ಪೂರೈಸಿದ ಈ ಶುಭ ಸಂದರ್ಭದಲ್ಲಿ ಅದರ ಚರಿತ್ರೆಯನ್ನು ಬರೆಯಬಲ್ಲ ಹಿರಿಯರು ಅನೇಕರಿದ್ದಾರೆ. ಈ ಸಂಚಿಕೆಯ ಬೇರೆ ಪುಟಗಳಲ್ಲಿ ಅವರು ಅದನ್ನು ಬರೆದೂ ಇದ್ದಾರೆ. ನಾನಾದರೋ ದೂರದ ಒಂದು ಬಡ ದೇಶದ ಚರಿತ್ರೆಯನ್ನು ವಾಚಕರ ಮುಂದಿಡಬಯಸುತ್ತೇನೆ. ಅದಕ್ಕೆ ಕಾರಣವುಂಟು. ನಾವು ಆಚರಿಸುತ್ತಿರುವುದು ಜುಬಿಲಿ. ಹಳೆಯ ಒಡಂಬಡಿಕೆಯ ಯಾಜಕಕಾಂಡದ ಪ್ರಕಾರ ಜುಬಿಲಿಯೆಂದರೆ ಬಿಡುಗಡೆಯ ವರ್ಷ. ಅಂದು ಬಡತನದಿಂದ ಹೊಲ ಕಳೆದುಕೊಂಡವನಿಗೆ ಅವನ ಹೊಲ ಮರಳಬೇಕು. ತನ್ನನ್ನೇ ಮಾರಿಕೊಂಡವನು ತನ್ನ ಮನೆಗೆ ಮರಳಬೇಕು. ಆ ಅರ್ಥದ ಜುಬಿಲಿಯೊಂದು ನಮ್ಮ ಕಾಲದಲ್ಲೇ ಲಕ್ಷಾಂತರ ಬಡಮಕ್ಕಳಿಗೆ ಶಾಲೆಯ ಬಾಗಿಲನ್ನು ತೆರೆಯಲು ನೆರವಾಯಿತು.

ಪೂರ್ವ ಆಫ್ರಿಕಾದ ತಾಂಜಾನಿಯ ನಮಗೆ ತೀರ ಅಪರಿಚಿತವಾದ ನಾಡಲ್ಲ. ಗೋವೆಯ ಕಥೋಲಿಕರು ಅದರ ದೊಡ್ಡ ಪಟ್ಟಣವಾದ ದಾರ್ ಎಸ್ ಸಲಾಮಿನಲ್ಲಿ ತಲೆಮಾರುಗಳ ಕಾಲ ಕಛೇರಿಗಳಲ್ಲಿ ದುಡಿದು ಬಾಳಿದ್ದಾರೆ. ನಮ್ಮ ಕರಾವಳಿಯ ಗೇರುಬೀಜದ ಕಾರ್ಖಾನೆಗಳಿಗೆ ಅಲ್ಲಿನ ತೋಪುಗಳ ಬೀಜ ಹಡಗಿನಲ್ಲಿ ಬಂದಿದೆ.

ಮಿಷನ್ ಶಾಲೆಗಳ ಕಾಲ

ಆ ದೇಶದ ಕರಾವಳಿಯಲ್ಲಿ ಬಾಗಮೊಯೊ ಎಂಬ ಊರಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅದು ಆನೆಯ ದಂತದ ವ್ಯಾಪಾರಕ್ಕೂ ಮನುಷ್ಯರ ವ್ಯಾಪಾರಕ್ಕೂ ಹೆಸರಾಗಿತ್ತು. 1868ರಲ್ಲಿ ಪವಿತ್ರಾತ್ಮ ಸಭೆಯ ಗುರುಗಳು ಅಲ್ಲಿ ನೆಲೆಸಿ, ಹಣ ತೆತ್ತು ಬಿಡಿಸಿಕೊಂಡ ಗುಲಾಮ ಮಕ್ಕಳಿಗೆ ಆಶ್ರಯವನ್ನೂ ಅಕ್ಷರವನ್ನೂ ಕೈಕಸುಬನ್ನೂ ಕೊಟ್ಟರು. ತರುವಾಯ ವೈಟ್ ಫಾದರ್ಸ್, ಬೆನೆಡಿಕ್ಟಿನ್ ಸಭೆಯವರು, ಕಪುಚಿನ್ ಸಭೆಯವರು ಒಳನಾಡಿಗೆ ನಡೆದರು. ಜ್ವರಕ್ಕೆ ತುತ್ತಾಗಿ ಎಳೆಯ ವಯಸ್ಸಿನಲ್ಲೇ ಮಡಿದವರು ಅವರಲ್ಲಿ ಹಲವರು. ಉಪದೇಶಿಯ ಹುಲ್ಲುಮನೆಯೇ ಎಷ್ಟೋ ಹಳ್ಳಿಗಳ ಮೊದಲ ಪಾಠಶಾಲೆಯಾಯಿತು.

ಈ ತ್ಯಾಗವನ್ನು ಕೃತಜ್ಞತೆಯಿಂದ ನೆನೆಯುವಾಗಲೇ ಅದರ ಮಿತಿಯನ್ನೂ ಸತ್ಯಕ್ಕೆ ಅಂಜಿ ಹೇಳಬೇಕು. ಟಾಂಗನಿಕವೆಂದು ಕರೆಯಲಾಗುತ್ತಿದ್ದ ಆ ದೇಶವು 1961ರ ಡಿಸೆಂಬರ್ 9ರಂದು ಸ್ವತಂತ್ರವಾದಾಗ ಪ್ರಾಥಮಿಕ ಶಾಲೆಯಲ್ಲಿದ್ದ ಮಕ್ಕಳು ಸುಮಾರು 4 ಲಕ್ಷ 90 ಸಾವಿರ. ಅವರಲ್ಲಿಯೂ ಹೆಚ್ಚಿನವರ ಓದು ನಾಲ್ಕನೆಯ ತರಗತಿಗೇ ನಿಲ್ಲುತ್ತಿತ್ತು. ಪ್ರೌಢಶಾಲೆ ಕಂಡವರು 11,832 ಮಂದಿ ಮಾತ್ರ. ಯೂರೋಪಿಯನರಿಗೆ ಒಂದು, ಏಷ್ಯದವರಿಗೆ ಒಂದು, ಆಫ್ರಿಕನರಿಗೆ ಒಂದು ಎಂದು ಶಾಲೆಗಳನ್ನು ಬಣ್ಣ ನೋಡಿ ವಿಂಗಡಿಸಲಾಗಿತ್ತು. ಮಿಷನ್ ಬಲವಾಗಿದ್ದ ಕಿಲಿಮಂಜಾರೊ, ಬುಕೋಬ ಪ್ರದೇಶಗಳು ಓದಿನಲ್ಲಿ ಮುಂದಾದರೆ, ಮುಸಲ್ಮಾನರು ಹೆಚ್ಚಾಗಿದ್ದ ಕರಾವಳಿ ಹಿಂದುಳಿಯಿತು. ಮಕ್ಕಳ ಧರ್ಮ ಬದಲಾದೀತೆಂಬ ಭಯದಿಂದ ಎಷ್ಟೋ ತಂದೆತಾಯಂದಿರು ನಮ್ಮ ಶಾಲೆಗಳ ಕಡೆಗೆ ಮುಖ ಮಾಡಲಿಲ್ಲ.

ಮ್ವಾಲಿಮು

ಸ್ವತಂತ್ರ ದೇಶದ ಚುಕ್ಕಾಣಿ ಹಿಡಿದ ಜೂಲಿಯಸ್ ನ್ಯೆರೆರೆಯವರು 1922ರಲ್ಲಿ ಬುಟಿಯಾಮ ಎಂಬ ಹಳ್ಳಿಯಲ್ಲಿ ಜನಿಸಿದರು. ತಂದೆ ಜನಾಕಿ ಎಂಬ ಸಣ್ಣ ಬುಡಕಟ್ಟಿನ ಮುಖ್ಯಸ್ಥ. ಹನ್ನೆರಡನೆಯ ವಯಸ್ಸಿನಲ್ಲಿ ಬಾಲಕನನ್ನು ಸುಮಾರು 40 ಕಿಲೋಮೀಟರ್ ದೂರದ ಮುಸೋಮ ಊರಿನ ಶಾಲೆಗೆ ಸೇರಿಸಲಾಯಿತು. ಆತನೊಡನೆ ಕುರಿ ಕಾಯುತ್ತಿದ್ದ ಇತರ ಹುಡುಗರಿಗೆ ಆ ಭಾಗ್ಯ ಒದಗಲಿಲ್ಲ. ಅವರು 1943ರಲ್ಲಿ ಜ್ಞಾನಸ್ನಾನ ಪಡೆದರು. ಮಕೆರೆರೆಯಲ್ಲಿ ಅಧ್ಯಾಪಕ ಶಿಕ್ಷಣ ಪಡೆದು ಟಬೋರದ ಸಂತ ಮರಿಯಮ್ಮನವರ ಶಾಲೆಯಲ್ಲಿ ಕಲಿಸಿದರು. 1952ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾನಿಲಯದ ಪದವಿಯೊಂದಿಗೆ ಮರಳಿ, ದಾರ್ ಎಸ್ ಸಲಾಮಿಗೆ ಸಮೀಪದ ಪುಗುವಿನಲ್ಲಿ ಧರ್ಮಸಭೆಯ ಸಂತ ಫ್ರಾನ್ಸಿಸ್ ಕಾಲೇಜಿನ ಅಧ್ಯಾಪಕರಾದರು. ರಾಜಕೀಯವೋ ಅಧ್ಯಾಪನವೋ ಎಂಬ ಪ್ರಶ್ನೆ ಬಂದಾಗ 1955ರಲ್ಲಿ ಕೆಲಸ ಬಿಟ್ಟರು. ಆದರೆ ಜನರು ಅವರನ್ನು ಕೊನೆಯವರೆಗೂ ಕರೆದದ್ದು ‘ಮ್ವಾಲಿಮು’ ಎಂದೇ. ಸ್ವಾಹಿಲಿ ಭಾಷೆಯಲ್ಲಿ ಹಾಗೆಂದರೆ ‘ಮೇಷ್ಟ್ರು’. ರಾಷ್ಟ್ರಾಧ್ಯಕ್ಷರಾದ ಮೇಲೂ ಅವರು ದಿನದಿನದ ಬಲಿಪೂಜೆಯನ್ನು ಬಿಡಲಿಲ್ಲ. 2005ರಲ್ಲಿ ಮುಸೋಮ ಧರ್ಮಪ್ರಾಂತ್ಯವು ಅವರ ಪುನೀತ ಪದವಿಗಾಗಿ ವಿಚಾರಣೆಯನ್ನು ಆರಂಭಿಸಿತು.

1967ರ ಮಾರ್ಚ್ ತಿಂಗಳಲ್ಲಿ ಎರಡು ಲೇಖನಗಳು ಹೊರಬಂದುವು. ಒಂದು, ಆರನೆಯ ಪೌಲ್ ಜಗದ್ಗುರುಗಳ ‘ಪೊಪುಲೋರುಂ ಪ್ರೊಗ್ರೆಸ್ಸಿಯೊ’ ಎಂಬ ವಿಶ್ವಪತ್ರ. ಅಕ್ಷರದ ಅಭಾವವನ್ನು ಅದು ಅನ್ನದ ಅಭಾವದೊಡನೆ ಸಮಸಮನಾಗಿ ತೂಗಿತು. ಇನ್ನೊಂದು, ಸ್ವಾವಲಂಬನೆಯ ಶಿಕ್ಷಣವನ್ನು ಕುರಿತು ನ್ಯೆರೆರೆಯವರು ಬರೆದ ಪ್ರಬಂಧ. ಕೆಲವರನ್ನು ಗುಮಾಸ್ತರನ್ನಾಗಿ ಆರಿಸಿಕೊಂಡು ಉಳಿದವರನ್ನು ಸೋತವರೆಂದು ಹೊರಹಾಕುವ ಶಾಲೆ ಬಡ ದೇಶಕ್ಕೆ ತಕ್ಕದ್ದಲ್ಲವೆಂದೂ, ಶಾಲೆಗೆ ಹೊಲವಿರಬೇಕು, ಮಕ್ಕಳ ಕೈಗೆ ಕೆಲಸವಿರಬೇಕೆಂದೂ ಅವರ ವಾದ. ಗಾಂಧೀಜಿಯವರ ನಯೀ ತಾಲೀಮನ್ನು ಬಲ್ಲವರಿಗೆ ಇದು ಅಪರಿಚಿತವೆನಿಸದು. ಗಾಂಧಿ ಶಾಂತಿ ಪ್ರಶಸ್ತಿಯನ್ನು ಭಾರತವು 1995ರಲ್ಲಿ ಮೊತ್ತಮೊದಲು ನೀಡಿದ್ದು ಅವರಿಗೇ. ಪ್ರಾಥಮಿಕ ಶಾಲೆಯ ಪಾಠವೆಲ್ಲ ಜನರ ಮಾತಾದ ಸ್ವಾಹಿಲಿಯಲ್ಲೇ ನಡೆಯಬೇಕೆಂಬುದೂ ಆ ದಿನಗಳಲ್ಲಿ ನಿರ್ಧಾರವಾಯಿತು.

ಬಿಟ್ಟುಕೊಟ್ಟ ಶಾಲೆಗಳು

ಮುಂದಿನ ಹೆಜ್ಜೆ ಧರ್ಮಸಭೆಯ ಎದೆಗೇ ತಟ್ಟುವಂಥದಾಗಿತ್ತು. 1969ರ ಶಿಕ್ಷಣ ಕಾಯಿದೆಯ ಮೂಲಕ ಸರ್ಕಾರವು ಮಿಷನ್ ಶಾಲೆಗಳನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ನೂರು ವರ್ಷಗಳ ಬೆವರಿನಿಂದ ಕಟ್ಟಿದ ಶಾಲೆಗಳವು. ಅವನ್ನು ತೆಗೆದುಕೊಂಡವರು ನಿತ್ಯವೂ ದಿವ್ಯಸತ್ಪ್ರಸಾದ ಸ್ವೀಕರಿಸುವ ಕಥೋಲಿಕ ವಿಶ್ವಾಸಿ; ಅವರೇ ಪಾಠ ಹೇಳಿದ್ದ ಪುಗುವಿನ ಕಾಲೇಜು ಕೂಡ ಸರ್ಕಾರಿ ಶಾಲೆಯಾಯಿತು. ದಾರ್ ಎಸ್ ಸಲಾಮಿನ ಮಹಾಧರ್ಮಾಧ್ಯಕ್ಷರಾಗಿದ್ದವರು ಆಫ್ರಿಕನರಲ್ಲಿ ಮೊದಲನೆಯ ಕಾರ್ಡಿನಲ್ಲರಾದ ಲಾರಿಯನ್ ರುಗಂಬ್ವ. ಅಲ್ಲಿನ ಧರ್ಮಸಭೆಯು ಬಹುಮಟ್ಟಿಗೆ ಸಂಘರ್ಷಕ್ಕಿಳಿಯದೆ ಶಾಲೆಗಳನ್ನು ಒಪ್ಪಿಸಿತು.

ಸೆಮಿನರಿಯ ದಿನಗಳಲ್ಲಿ ಈ ಸಂಗತಿಯನ್ನು ಮೊದಲು ಓದಿದಾಗ ನನಗೆ ಇದು ಅನ್ಯಾಯವೆನಿಸಿತ್ತು. ನಮ್ಮ ಶಾಲೆ, ನಮ್ಮ ಆಡಳಿತ, ನಮ್ಮ ಹಕ್ಕು ಎಂಬ ಮಾತುಗಳನ್ನೇ ಕೇಳಿ ಬೆಳೆದವನಿಗೆ ಬೇರೆ ತೋರುವುದೂ ಕಷ್ಟ. ವಯಸ್ಸಾದಂತೆ ಆ ತೀರ್ಪು ಸಡಿಲವಾಗಿದೆ. ಕರಾವಳಿಯ ಮುಸಲ್ಮಾನ ಹುಡುಗನೂ ಬೆಟ್ಟದ ಕ್ರೈಸ್ತ ಹುಡುಗನೂ ಒಂದೇ ಬೆಂಚಿನ ಮೇಲೆ ಕುಳಿತದ್ದು ಆ ಬಿಟ್ಟುಕೊಡುವಿಕೆಯಿಂದ.

ಎಲ್ಲರಿಗೂ ಶಾಲೆ

1973ರಲ್ಲಿ ಪ್ರಾಥಮಿಕ ಶಾಲೆಯ ಶುಲ್ಕ ರದ್ದಾಯಿತು. 1974ರ ನವೆಂಬರಿನಲ್ಲಿ, ನ್ಯೆರೆರೆಯವರು ಓದಿದ್ದ ಮುಸೋಮದಲ್ಲೇ ಸೇರಿದ ಆಳುವ ಪಕ್ಷದ ಸಭೆಯು, ಮೂರೇ ವರ್ಷಗಳೊಳಗೆ ಎಲ್ಲ ಮಕ್ಕಳನ್ನೂ ಶಾಲೆಗೆ ಸೇರಿಸತಕ್ಕದ್ದೆಂದು ಗೊತ್ತುವಳಿ ಮಾಡಿತು. ದೇಶದಲ್ಲಿ ಅಷ್ಟು ಕೊಠಡಿಗಳಿರಲಿಲ್ಲ. ಹಳ್ಳಿಗರು ತಾವೇ ಇಟ್ಟಿಗೆ ಸುಟ್ಟು ಗೋಡೆ ಎಬ್ಬಿಸಿದರು. ಅಷ್ಟು ಉಪಾಧ್ಯಾಯರಿರಲಿಲ್ಲ, ಏಳನೆಯ ತರಗತಿ ಮುಗಿಸಿದ ಯುವಕ ಯುವತಿಯರನ್ನು ಆರಿಸಿ, ಹಳ್ಳಿಯಲ್ಲೇ ಪಾಠ ಹೇಳಿಸುತ್ತ, ಅಂಚೆಯ ಪಾಠಗಳಿಂದಲೂ ರೇಡಿಯೋದಿಂದಲೂ ಅವರನ್ನು ತರಬೇತುಗೊಳಿಸಲಾಯಿತು. ಹೀಗೆ ಸಿದ್ಧರಾದವರು 40 ಸಾವಿರಕ್ಕೂ ಹೆಚ್ಚು. 1974ರಲ್ಲಿ ಸುಮಾರು 12 ಲಕ್ಷವಿದ್ದ ಪ್ರಾಥಮಿಕ ವಿದ್ಯಾರ್ಥಿಗಳ ಸಂಖ್ಯೆ 1981ರ ಹೊತ್ತಿಗೆ 35 ಲಕ್ಷವಾಯಿತು. ಕುರಿ ಕಾಯುವ ಹುಡುಗನ ಸರದಿ ಬಂದಿತು.

ಹೊಸ್ತಿಲ ಮೇಲಿನ ಶುಲ್ಕ

ಆದರೆ ಬಂದ ಭಾಗ್ಯ ನಿಲ್ಲಲಿಲ್ಲ. ಎಣ್ಣೆಯ ಬೆಲೆ ಏರಿತು. ಕಾಫಿಯ ಬೆಲೆ ಇಳಿಯಿತು. ಉಗಾಂಡದ ಇದಿ ಅಮೀನನೊಡನೆ 1978-79ರಲ್ಲಿ ನಡೆದ ಯುದ್ಧವು ಬೊಕ್ಕಸವನ್ನು ಬರಿದುಮಾಡಿತು. ನ್ಯೆರೆರೆಯವರ ಗ್ರಾಮೀಕರಣ ಯೋಜನೆಯಲ್ಲಿ ಜನರನ್ನು ಬಲವಂತದಿಂದ ಎಬ್ಬಿಸಿ ಬೇರೆಡೆ ನೆಲೆಗೊಳಿಸಿದ ತಪ್ಪೂ ಸೇರಿ ಬೇಸಾಯ ಕುಂದಿತು. ದೇಶ ಸಾಲದಲ್ಲಿ ಮುಳುಗಿತು. 1984ರಲ್ಲಿ ಶಾಲೆಯ ಹೊಸ್ತಿಲಿಗೆ ಶುಲ್ಕ ಮರಳಿ ಬಂದಿತು. 1980ರ ಸುಮಾರಿಗೆ ನೂರಕ್ಕೆ ತೊಂಬತ್ತನ್ನು ಮೀರಿದ್ದ ದಾಖಲಾತಿಯ ಪ್ರಮಾಣ ಮುಂದಿನ ವರ್ಷಗಳಲ್ಲಿ ಎಂಬತ್ತಕ್ಕಿಂತ ಕೆಳಗಿಳಿಯಿತು. ಶುಲ್ಕದ ಮೊತ್ತ ಹೊರಗಿನವರಿಗೆ ಅಲ್ಪವೆಂದು ತೋರಿದರೂ, ಅದರೊಂದಿಗೆ ಸಮವಸ್ತ್ರ, ಪುಸ್ತಕ, ಮೇಜು ಕುರ್ಚಿಯ ವಂತಿಗೆ ಎಲ್ಲವೂ ಕೂಡಿದಾಗ ತಾಯಿಯು ಯಾವ ಮಗುವನ್ನು ಕಳಿಸಲಿ, ಯಾವುದನ್ನು ಮನೆಯಲ್ಲಿ ಉಳಿಸಿಕೊಳ್ಳಲಿ ಎಂದು ಆರಿಸಬೇಕಾಯಿತು.

ಅಲ್ಪ ಮೊತ್ತದ ಭಾರ ಎಷ್ಟೆಂಬುದನ್ನು ನಾನೂ ಕಂಡಿದ್ದೇನೆ. ಗುರುದೀಕ್ಷೆಯಾದ ಹೊಸತರಲ್ಲಿ ನಾನು ಸಹಾಯಕನಾಗಿದ್ದ ಊರೊಂದರಲ್ಲಿ, ಜೂನ್ ತಿಂಗಳ ಒಂದು ಬೆಳಗ್ಗೆ, ಕಟ್ಟಡ ನಿಧಿಯ ಬಾಕಿಗಾಗಿ ಹುಡುಗಿಯೊಬ್ಬಳನ್ನು ಶಾಲೆಯ ಜಗಲಿಯಲ್ಲಿ ನಿಲ್ಲಿಸಲಾಗಿತ್ತು. ಕಾಲ ಬುಡದಲ್ಲಿ ಒದ್ದೆಯಾದ ಚೀಲ. ನಾನು ಬಲಿಪೂಜೆ ಮುಗಿಸಿ ಉಪಾಹಾರಕ್ಕೆ ಹೋಗುತ್ತಿದ್ದೆ. ಕಂಡೆ, ಮುಂದೆ ನಡೆದೆ. ಬಾಕಿ ಎಷ್ಟೆಂದು ಕೇಳಲಿಲ್ಲ. ದೀಪಾವಳಿಯ ಹೊತ್ತಿಗೆ ಆಕೆ ತಾಯಿಯೊಡನೆ ಗೇರುಬೀಜದ ಕಾರ್ಖಾನೆಗೆ ಹೋಗುತ್ತಿದ್ದಾಳೆಂದು ತಿಳಿಯಿತು. ಆಕೆ ಒಡೆದ ಬೀಜಗಳಲ್ಲಿ ತಾಂಜಾನಿಯದವೂ ಇದ್ದಿರಬಹುದು. ಅಲ್ಲಿ ಅದನ್ನು ಆರಿಸಿದ ಮಗುವೂ ಶಾಲೆಯಿಂದ ಉಳಿದ ಮಗುವೇ ಆಗಿದ್ದಿರಬಹುದು.

ಜುಬಿಲಿಯ ಫಲ

ಎರಡನೆಯ ಜಾನ್ ಪೌಲ್ ಜಗದ್ಗುರುಗಳು 1994ರಲ್ಲಿ, ಮಹಾಜುಬಿಲಿಯ ಸಿದ್ಧತೆಗಾಗಿ ಬರೆದ ಪತ್ರದಲ್ಲಿ, ಬಡ ದೇಶಗಳ ಸಾಲವನ್ನು ಗಣನೀಯವಾಗಿ ಇಳಿಸಬೇಕು ಇಲ್ಲವೇ ಮನ್ನಾ ಮಾಡಬೇಕೆಂದು ಯಾಜಕಕಾಂಡದ ಆಧಾರದಿಂದ ಕೇಳಿಕೊಂಡರು. ನಾನಾ ದೇಶಗಳ ಕ್ರೈಸ್ತರೂ ಇತರ ಸಹೃದಯರೂ ‘ಜುಬಿಲಿ 2000’ ಎಂಬ ಆಂದೋಲನದಲ್ಲಿ ಕೂಡಿ ಅದೇ ಕೋರಿಕೆಯನ್ನು ಶ್ರೀಮಂತ ರಾಷ್ಟ್ರಗಳ ಮುಂದಿಟ್ಟರು. 1999ರ ಅಕ್ಟೋಬರ್ 14ರಂದು ನ್ಯೆರೆರೆಯವರು ತೀರಿಕೊಂಡರು. ಫಲವನ್ನು ಅವರು ಕಾಣಲಿಲ್ಲ. 2001ರಲ್ಲಿ ತಾಂಜಾನಿಯದ ಸಾಲದ ದೊಡ್ಡ ಪಾಲು ಮನ್ನಾ ಆಯಿತು. ಅದೇ ವರ್ಷ ಪ್ರಾಥಮಿಕ ಶಾಲೆಯ ಶುಲ್ಕ ಮತ್ತೆ ರದ್ದಾಯಿತು. ಸಾಲಕ್ಕೆ ತೆರಬೇಕಾಗಿದ್ದ ಹಣದಲ್ಲಿ ಒಂದು ಪಾಲು ಶಾಲೆಗಳಿಗೆ ಸಂದಿತು. ಬೇರೆ ನೆರವೂ ಕೂಡಿತು. 2000ರಲ್ಲಿ ಸುಮಾರು 44 ಲಕ್ಷವಿದ್ದ ವಿದ್ಯಾರ್ಥಿಗಳು 2006ರಲ್ಲಿ 79 ಲಕ್ಷವಾದರು. 2016ರಿಂದ ಪ್ರೌಢಶಾಲೆಯ ಮೊದಲ ನಾಲ್ಕು ವರ್ಷಗಳ ಶುಲ್ಕವೂ ಹೋಯಿತು. ಗರ್ಭಿಣಿಯರಾದರೆಂದು ಹೊರಹಾಕಲ್ಪಟ್ಟ ಬಾಲೆಯರು ಹೆರಿಗೆಯ ನಂತರ ಶಾಲೆಗೆ ಮರಳಬಹುದೆಂದು 2021ರ ನವೆಂಬರಿನಲ್ಲಿ ಸರ್ಕಾರ ಸಾರಿತು.

ಕೊರತೆಗಳು ತೀರಿಲ್ಲ. ಒಂದೇ ಕೊಠಡಿಯಲ್ಲಿ ನೂರು ಮಕ್ಕಳು ತುಂಬಿದೆಡೆ ಕಲಿಕೆ ಸೊರಗುತ್ತದೆ. ಬಾಗಿಲು ತೆರೆದ ಮೇಲೆ ಪಾಠವೂ ನಡೆಯಬೇಕು. 1990ರ ದಶಕದಿಂದ ಧರ್ಮಸಭೆಗೆ ಅಲ್ಲಿ ಮತ್ತೆ ಶಾಲೆಗಳನ್ನು ತೆರೆಯಲು ಅವಕಾಶ ವಿಸ್ತಾರವಾಗಿದೆ. ಅವುಗಳ ಪಾಠ ಒಳ್ಳೆಯದೆಂದು ಹೆಸರಿದೆ. ಆದರೆ ಶುಲ್ಕ ತೆರಬಲ್ಲವರ ಮಕ್ಕಳೇ ಅವುಗಳಲ್ಲಿ ಹೆಚ್ಚು. ಗುಲಾಮ ಮಕ್ಕಳಿಗಾಗಿ ಬಾಗಮೊಯೊದಲ್ಲಿ ಆರಂಭವಾದ ಸೇವೆ ಇಂದು ಯಾರಿಗಾಗಿ ಎಂಬ ಪ್ರಶ್ನೆ ಅಲ್ಲಿನವರನ್ನು ಕಾಡದಿರದು.

ನಮ್ಮ ಹೊಸ್ತಿಲು

ಅದು ನಮ್ಮ ಪ್ರಶ್ನೆಯೂ ಹೌದು. ಭಾರತದಲ್ಲಿ 2009ರ ಶಿಕ್ಷಣ ಹಕ್ಕಿನ ಕಾಯಿದೆ 2010ರ ಏಪ್ರಿಲ್ 1ರಂದು ಜಾರಿಗೆ ಬಂದಾಗ, ಖಾಸಗಿ ಶಾಲೆಗಳು ಕಾಲು ಭಾಗದಷ್ಟು ಸ್ಥಾನಗಳನ್ನು ಬಡಮಕ್ಕಳಿಗೆ ಮೀಸಲಿಡಬೇಕೆಂದಾಯಿತು. 2014ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಅಲ್ಪಸಂಖ್ಯಾತರ ಶಾಲೆಗಳನ್ನು ಆ ಕಾಯಿದೆಯಿಂದ ಹೊರಗಿಟ್ಟಿತು. ನಮ್ಮ ಹಕ್ಕು ಉಳಿಯಿತೆಂದು ಅಂದು ನಾವು ಸಮಾಧಾನಪಟ್ಟೆವು, ನಾನೂ ಪಟ್ಟೆ. ಸಂವಿಧಾನ ಕೊಟ್ಟ ಹಕ್ಕು ಅಮೂಲ್ಯವಾದದ್ದೇ. ಆದರೆ ಕಾನೂನು ಬಿಟ್ಟದ್ದನ್ನು ಶುಭಸಂದೇಶ ಬಿಟ್ಟಿಲ್ಲ. ಚಿಕ್ಕ ಮಕ್ಕಳು ತಮ್ಮ ಬಳಿಗೆ ಬರುವುದನ್ನು ತಡೆದ ಶಿಷ್ಯರ ಮೇಲೆ ಯೇಸುಸ್ವಾಮಿ ಕೋಪಗೊಂಡದ್ದನ್ನು ನಾವು ಬಲ್ಲೆವು.

ಆದುದರಿಂದ ಶತಮಾನೋತ್ಸವದ ಈ ವರ್ಷದಲ್ಲಿ ಪ್ರತಿಯೊಂದು ವಾಳೆಯ ಗುರಿಕಾರರೂ ತಮ್ಮ ವಾಳೆಯಲ್ಲಿ ಶಾಲೆಯಿಂದ ಉಳಿದ ಮಕ್ಕಳನ್ನು, ಯಾವ ಜಾತಿಮತದವರೇ ಆಗಲಿ, ಹೆಸರು ಹಿಡಿದು ಎಣಿಸಿಕೊಡಬೇಕೆಂದು ಬೇಡುತ್ತೇನೆ. ಪರವೂರುಗಳಿಂದ ಕಟ್ಟಡ ಕೆಲಸಕ್ಕೆ ಬಂದ ಕುಟುಂಬಗಳ ಗುಡಿಸಲುಗಳನ್ನೂ ಮರೆಯಬಾರದು. ಉತ್ಸವದ ವಂತಿಗೆಯಲ್ಲಿ ಒಂದಂಶವನ್ನು ಆ ಮಕ್ಕಳ ಬಾಕಿಗಾಗಿ ತೆಗೆದಿರಿಸೋಣ. ಜಗಲಿಯಲ್ಲಿ ನಿಂತ ಮಗುವನ್ನು ಕಂಡವರು ಬಾಕಿ ಎಷ್ಟೆಂದು ಕೇಳದೆ ಮುಂದೆ ನಡೆಯದಿರಲಿ. ನಾನು ಒಮ್ಮೆ ನಡೆದಿದ್ದೇನೆ. ಆ ತಪ್ಪು ನಮ್ಮ ಧರ್ಮಕೇಂದ್ರದ ಎರಡನೆಯ ಶತಮಾನದಲ್ಲಿ ಯಾರಿಂದಲೂ ಆಗದಂತೆ ದೇವಮಾತೆಯ ಬಿನ್ನಹದಿಂದ ದೇವರು ನಮ್ಮನ್ನು ಕಾಪಾಡಲಿ.