ಫ್ಯಾಸಿಸಂ, ಸಾಮ್ಯವಾದ, ಸಮಾಜವಾದ : ಜಯಪ್ರಕಾಶರ ಬಾಳಿನ ಬೆಳಕಿನಲ್ಲಿ

ಬೆಂಗಳೂರಿನ ದಕ್ಷಿಣದಲ್ಲಿ, ಜಯನಗರದಾಚೆ ಬೆಳೆದ ಬಡಾವಣೆಯನ್ನು ಜೆ.ಪಿ. ನಗರವೆಂದೇ ಕರೆದು ನಮಗೆ ರೂಢಿ. ಆ ಎರಡಕ್ಷರಗಳ ಹಿಂದಿರುವ ಜಯಪ್ರಕಾಶ ನಾರಾಯಣರನ್ನು ನೆನೆಯುವವರು ವಿರಳ. ಮೇಲಿನ ಮೂರು ವಾದಗಳ ಅಂತರವನ್ನು ಅರಿಯಬಯಸುವ ವಿದ್ಯಾರ್ಥಿಗೆ ಅವರ ಜೀವನವೇ ಒಂದು ಪಾಠ. ಅವರು ಮಾರ್ಕ್ಸ್‌ವಾದದಿಂದ ಹೊರಟು, ಸಮಾಜವಾದವನ್ನು ಕಟ್ಟಿ, ಇಳಿವಯಸ್ಸಿನಲ್ಲಿ ಫ್ಯಾಸಿಸ್ಟ್ ಎಂಬ ನಿಂದೆಯನ್ನು ಹೊತ್ತವರು.

ಫ್ಯಾಸಿಸಂ ಇಟಲಿಯ ಕೂಸು. ಅದರ ಜನಕನಾದ ಮುಸೊಲಿನಿ 1914ರವರೆಗೆ ಸಮಾಜವಾದಿ ಪತ್ರಿಕೆಯ ಸಂಪಾದಕನಾಗಿದ್ದನೆಂಬುದು ಸೋಜಿಗ. ಯುದ್ಧವನ್ನು ಎತ್ತಿಹಿಡಿದು ಪಕ್ಷದಿಂದ ಹೊರಬಿದ್ದವನು 1919ರಲ್ಲಿ ತನ್ನದೇ ಕೂಟ ಕಟ್ಟಿ, 1922ರಲ್ಲಿ ಪ್ರಧಾನಿಯಾದನು. ಅವನ ಮತದಲ್ಲಿ ರಾಷ್ಟ್ರವೇ ಸರ್ವಸ್ವ, ನಾಯಕನ ಅಪ್ಪಣೆಯೇ ಶಾಸನ. ಸಮಾನತೆ ದುರ್ಬಲರ ಕನಸು. ಆಸ್ತಿ ಒಡೆಯರ ಕೈಯಲ್ಲೇ ಉಳಿಯಿತು, ಕಾರ್ಮಿಕರ ಮುಷ್ಕರದ ಹಕ್ಕು ಮಾತ್ರ ಹೋಯಿತು. ಎದುರಾಡಿದ ಸಮಾಜವಾದಿ ಸಂಸದ ಮತ್ತೆಯೊತ್ತಿ 1924ರಲ್ಲಿ ಕೊಲೆಯಾದನು.

ಕಮ್ಯೂನಿಸಂ ಎನಿಸಿದ ಸಾಮ್ಯವಾದದ ಗುರಿ ಇದಕ್ಕೆ ತೀರ ವಿರುದ್ಧ. ಉತ್ಪಾದನೆಯ ಸಾಧನಗಳು ಸಮಾಜದ್ದಾಗಲಿ, ವರ್ಗಭೇದ ಅಳಿಯಲಿ ಎಂಬುದು ಅದರ ಪ್ರತಿಜ್ಞೆ. ಆದರೆ 1936–38ರ ಮಾಸ್ಕೋ ವಿಚಾರಣೆಗಳಲ್ಲಿ ಸ್ಟಾಲಿನನ ಆಡಳಿತವು ಹಳೆಯ ಕ್ರಾಂತಿಕಾರರನ್ನೇ ದ್ರೋಹಿಗಳೆಂದು ಗುಂಡಿಗೆ ಬಲಿಕೊಟ್ಟಿತು. ಹೀಗಿದ್ದರೂ ಎರಡೂ ಒಂದೇ ಎನ್ನುವುದು ಅವಸರದ ಮಾತು. ಒಂದು ಅಸಮಾನತೆಯನ್ನು ಆರಾಧಿಸಿತು. ಇನ್ನೊಂದು ಸಮಾನತೆಯ ಹೆಸರಿನಲ್ಲಿ ಸ್ವಾತಂತ್ರ್ಯವನ್ನು ಒತ್ತೆಯಿಟ್ಟಿತು.

ಅಮೆರಿಕದಲ್ಲಿ ಓದುತ್ತಿದ್ದಾಗ ಮಾರ್ಕ್ಸನ ಪ್ರಭಾವಕ್ಕೆ ಒಳಗಾಗಿ 1929ರಲ್ಲಿ ಮರಳಿದ ಜಯಪ್ರಕಾಶರನ್ನು ಆ ಒತ್ತೆಯೇ ಕಾಡಿತು. 1934ರಲ್ಲಿ ಸ್ಥಾಪನೆಯಾದ ಕಾಂಗ್ರೆಸ್ ಸಮಾಜವಾದಿ ಪಕ್ಷಕ್ಕೆ ಮೊದಲು ಕಮ್ಯೂನಿಸ್ಟರನ್ನೂ ಕರೆದುಕೊಂಡರು. 1940ರಲ್ಲಿ ಸಂಬಂಧ ಕಡಿಯಿತು. ಸಮಾನತೆ ಬೇಕು, ಆದರೆ ಮತಪೆಟ್ಟಿಗೆಯ ಮೂಲಕ ಬರಬೇಕೆಂಬ ಸಮಾಜವಾದದತ್ತ ಅವರು ಕ್ರಮೇಣ ಸರಿದರು.

1974ರಲ್ಲಿ ಬಿಹಾರದ ಚಳವಳಿಗೆ ಅವರು ನಾಯಕರಾದಾಗ ಜನಸಂಘವೂ ಜೊತೆಗೂಡಿತು. ಇದು ಫ್ಯಾಸಿಸಂ ಎಂದು ಭಾರತ ಕಮ್ಯೂನಿಸ್ಟ್ ಪಕ್ಷ ಸಾರಿತು. ಜನಸಂಘ ಫ್ಯಾಸಿಸ್ಟ್ ಆದರೆ ತಾವೂ ಫ್ಯಾಸಿಸ್ಟರೇ ಎಂದು 1975ರ ಮಾರ್ಚಿನಲ್ಲಿ ಜಯಪ್ರಕಾಶರು ಮರುನುಡಿದರು. ಕೆಚ್ಚಿನ ಮಾತೇನೋ ಹೌದು; ಆಕ್ಷೇಪಕ್ಕೆ ಸಮಾಧಾನವಲ್ಲ.

ಜೂನ್ 25ರಂದು ತುರ್ತುಪರಿಸ್ಥಿತಿ ಬಂದಿತು. ಸಂಸದೀಯ ಸಮಿತಿಯ ಕೆಲಸಕ್ಕೆ ಬೆಂಗಳೂರಿಗೆ ಬಂದಿದ್ದ ಸಮಾಜವಾದಿ ಮಧು ದಂಡವತೆ, ಜನಸಂಘದ ವಾಜಪೇಯಿ, ಅಡ್ವಾಣಿ, ಸಂಸ್ಥಾ ಕಾಂಗ್ರೆಸ್ಸಿನ ಶ್ಯಾಮನಂದನ ಮಿಶ್ರ ಇವರೆಲ್ಲರೂ ಒಂದೇ ಸೆರೆಮನೆ ಸೇರಿದರು. ಆ ಕೇಂದ್ರ ಕಾರಾಗೃಹದ ಜಾಗವೇ ಇಂದಿನ ಸ್ವಾತಂತ್ರ್ಯ ಉದ್ಯಾನ. 'ಸಂಸ್ಕಾರ' ಚಿತ್ರದ ನಟಿ, ಸಮಾಜವಾದಿಗಳ ಸ್ನೇಹಿತೆ ಸ್ನೇಹಲತಾ ರೆಡ್ಡಿ ಉಬ್ಬಸದಿಂದ ನರಳಿ, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು ತೀರಿಕೊಂಡರು. ಬಂಧಿತರು ಆ ಆಡಳಿತವನ್ನು ಫ್ಯಾಸಿಸಂ ಎಂದರು. ಅದನ್ನು ಬೆಂಬಲಿಸಿದ ಭಾರತ ಕಮ್ಯೂನಿಸ್ಟ್ ಪಕ್ಷ ಬಂಧಿತರನ್ನೇ ಹಾಗೆ ಕರೆಯಿತು. ಇನ್ನೊಂದು ಕಮ್ಯೂನಿಸ್ಟ್ ಪಕ್ಷವಾದ ಮಾರ್ಕ್ಸ್‌ವಾದಿ ಪಕ್ಷ ತುರ್ತುಪರಿಸ್ಥಿತಿಯನ್ನು ವಿರೋಧಿಸಿತೆಂಬುದನ್ನು ವಾಚಕರು ಮರೆಯಬಾರದು.

ನನ್ನ ಎಣಿಕೆಯಲ್ಲಿ ಅದು ದಬ್ಬಾಳಿಕೆ, ಆದರೆ ಮುಸೊಲಿನಿಯ ಅರ್ಥದ ಫ್ಯಾಸಿಸಂ ಅಲ್ಲ. 1977ರ ಮಾರ್ಚಿನ ಚುನಾವಣೆಯಲ್ಲಿ ಸೋತ ಸರ್ಕಾರ ಇಳಿದುಹೋಯಿತು. ಮರುವರ್ಷ ಭಟಿಂಡಾ ಅಧಿವೇಶನದಲ್ಲಿ ಭಾರತ ಕಮ್ಯೂನಿಸ್ಟ್ ಪಕ್ಷವು ತನ್ನ ಬೆಂಬಲ ತಪ್ಪಾಗಿತ್ತೆಂದು ಒಪ್ಪಿಕೊಂಡಿತು. ಜಯಪ್ರಕಾಶರು 1979ರ ಅಕ್ಟೋಬರ್ 8ರಂದು ಪಟ್ನಾದಲ್ಲಿ ಕಣ್ಮುಚ್ಚಿದರು.