ಒಡೆಯನ ಮಧು, ಒಕ್ಕಲಿನ ಸಾರು

ಕೆಲವು ವರ್ಷಗಳ ಹಿಂದೆ ಇಟಲಿಯ ಫ್ಲಾರೆನ್ಸ್ ನಗರದ ಚಿಕ್ಕ ಭೋಜನಶಾಲೆಯೊಂದರಲ್ಲಿ ನನ್ನ ಮುಂದೆ ‘ರಿಬೊಲ್ಲಿತ’ ಎಂಬ ಸಾರನ್ನು ತಂದಿಟ್ಟರು. ಬಿಳಿಯ ಕಾಳು, ಕಪ್ಪು ಛಾಯೆಯ ಎಲೆಕೋಸು, ಹಿಂದಿನ ದಿನ ಉಳಿದ ಒಣ ಬ್ರೆಡ್ಡು, ಇವನ್ನು ಬೇಯಿಸಿ ಮರುದಿನ ಮತ್ತೆ ಕುದಿಸಿದ ಗಟ್ಟಿಯಾದ ಸಾರು ಅದು. ಹೆಸರಿನ ಅರ್ಥವೇ ‘ಮರಳಿ ಕುದಿಸಿದ್ದು’ ಎಂದು. ಬಡಿಸಿದವನು, ಇದಕ್ಕೆ ಇಲ್ಲಿಯ ಕೆಂಪು ಕಿಯಾಂತಿ ವೈನೇ ತಕ್ಕುದು, ಮುತ್ತಜ್ಜಂದಿರ ಕಾಲದಿಂದ ಹೀಗೆಯೇ ನಡೆದುಬಂದಿದೆ ಎಂದ. ಕುಡಿಯುವ ಅಭ್ಯಾಸವಿಲ್ಲದ ನಾನು ನೀರನ್ನೇ ಕೇಳಿದೆ. ಅವನಿಗದು ಅಷ್ಟು ಹಿತವಾದಂತೆ ಕಾಣಲಿಲ್ಲ. ಆದರೆ ಹಳೆಯ ಪಠ್ಯಗಳ ನಡುವೆ ಆಯುಷ್ಯ ಸವೆಸಿದವನ ಕಿವಿಗೆ ‘ಮುತ್ತಜ್ಜನ ಕಾಲ’ ಎಂಬ ಮಾತು ಬಿದ್ದರೆ, ಯಾವ ಮುತ್ತಜ್ಜ, ಯಾವ ಕಾಲ ಎಂದು ಕೇಳುವ ಚಾಳಿ ಬಿಡದು.

ಊರ ಊಟಕ್ಕೆ ಊರ ವೈನು: ಇಂದು ಇಟಲಿಯಲ್ಲಿ ಇದು ಬಹುಮಟ್ಟಿಗೆ ವೇದವಾಕ್ಯದಂತೆ ಸಲ್ಲುತ್ತದೆ. ಅದರಲ್ಲಿ ಹುರುಳಿಲ್ಲವೆಂದಲ್ಲ. ಉತ್ತರದ ಪಿಯೆಮೊಂತೆಯ ಬರೋಲೊ ಬಲು ಒಗರು. ಮಾಂಸದ ಜೊತೆ ಸೇರಿದಾಗ ಆ ಒಗರಿನ ಬಿರುಸು ತಗ್ಗುತ್ತದೆ. ಅಲ್ಲಿಯವರು ದನದ ಮಾಂಸವನ್ನು ಅದೇ ವೈನಿನಲ್ಲಿ ಗಂಟೆಗಟ್ಟಲೆ ಬೇಯಿಸುವುದೂ ಉಂಟು. ಹಂದಿಮಾಂಸಕ್ಕೆ ಹೆಸರಾದ ಎಮಿಲಿಯದಲ್ಲಿ ನೊರೆಯೇಳುವ ಲಂಬ್ರುಸ್ಕೊ ನಾಲಗೆಯ ಮೇಲಿನ ಜಿಡ್ಡನ್ನು ತೊಳೆಯುತ್ತದೆ. ಟಸ್ಕನಿಯ ಸಾಂಜೊವೇಸೆ ದ್ರಾಕ್ಷಿಯ ಹುಳಿ ಟೊಮೇಟೊ ಹುಳಿಗೆ ಎದುರಾಗಿ ನಿಲ್ಲಬಲ್ಲುದು. ಆದರೆ ಟೊಮೇಟೊ ಅಮೆರಿಕದಿಂದ ಯುರೋಪಿಗೆ ಬಂದದ್ದೇ ಹದಿನಾರನೆಯ ಶತಮಾನದಲ್ಲಿ. ಅದರ ಗೊಜ್ಜಿನ ವಿಧಾನವನ್ನು ನೇಪಲ್ಸಿನಲ್ಲಿ ಅಂತೋನಿಯೊ ಲತೀನಿ ತನ್ನ ಪಾಕಗ್ರಂಥದಲ್ಲಿ ಅಚ್ಚುಹಾಕಿಸಿದ್ದು ೧೬೯೦ರ ದಶಕದಲ್ಲಿ. ಮುತ್ತಜ್ಜನ ಕಾಲ ಇಲ್ಲಿಗೇ ಒಂದಿಷ್ಟು ಕುಗ್ಗಿತು.

ಇನ್ನೂ ಹಿಂದಕ್ಕೆ ಹೋದರೆ ಬೇರೊಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಆರಿಸಿ ಕುಡಿಯುವ ಶಕ್ತಿ ಇದ್ದವನು ತನ್ನ ಊರಿನ ವೈನಿಗೇ ಕಟ್ಟುಬಿದ್ದಿರಲಿಲ್ಲ. ರೋಮಿನ ಶ್ರೀಮಂತರು ಹಂಬಲಿಸುತ್ತಿದ್ದುದು ದಕ್ಷಿಣದ ಕಂಪಾನಿಯ ಸೀಮೆಯ ಫಲೆರ್ನಮ್ ವೈನಿಗೆ. ಒಪಿಮಿಯಸ್ ಕಾನ್ಸಲ್ ಆಗಿದ್ದ ಕ್ರಿ.ಪೂ. ೧೨೧ರ ವೈನು ಇನ್ನೂರು ವರ್ಷದ ಮೇಲೆ ತನ್ನ ಕಾಲದಲ್ಲಿಯೂ ಉಳಿದಿತ್ತು, ಕಹಿ ಜೇನಿನಂತೆ ಆಗಿತ್ತು ಎಂದು ಪ್ಲಿನಿ ಬರೆಯುತ್ತಾನೆ. ಒಂದನೆಯ ಶತಮಾನದ ‘ಪೆರಿಪ್ಲಸ್’ ಎಂಬ ನಾವಿಕರ ಕೈಪಿಡಿ, ನಮ್ಮ ಭರೂಚಿನ ಬಂದರಿಗೆ ಬರುವ ಸರಕುಗಳಲ್ಲಿ ವೈನನ್ನು ಎಣಿಸಿ, ಅದರಲ್ಲಿಯೂ ಇಟಲಿಯದಕ್ಕೆ ಆದ್ಯತೆ ಎನ್ನುತ್ತದೆ. ಅಂದಿನ ಗ್ರೀಕರೂ ರೋಮನ್ನರೂ ವೈನಿಗೆ ನೀರು ಬೆರೆಸಿ ಕುಡಿಯುವವರು. ನೀರಿಲ್ಲದೆ ಕುಡಿಯುವವನು ಅನಾಗರಿಕನೆಂಬುದು ಅವರ ಎಣಿಕೆ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ದೊರೆತ ಗ್ರೀಕ್ ಪ್ರಹಸನದಲ್ಲಿ ಭಾರತದ ಕರಾವಳಿಯ ಅರಸನಿಗೆ ಕುಡಿಸಿ ಮೈಮರೆಸುವುದು ಇಂಥ ನೀರು ಬೆರೆಸದ ವೈನನ್ನೇ. ಆ ಪ್ರಹಸನದ ಭಾರತೀಯರ ಮಾತುಗಳಲ್ಲಿ ಕೆಲವನ್ನು ಹುಲ್ಟ್ಸ್, ಶಾಮಶಾಸ್ತ್ರಿ, ಗೋವಿಂದ ಪೈ ಮೊದಲಾದವರು ಕನ್ನಡವೆಂದು ಓದಿದರು. ಎಲ್ಲ ವಿದ್ವಾಂಸರೂ ಒಪ್ಪಿದ ಮಾತಲ್ಲ ಅದು. ಒಪ್ಪಿದರೆ, ನಮ್ಮ ನುಡಿಯ ಅತಿ ಹಳೆಯ ಮಾತುಗಳಲ್ಲಿ ಕೆಲವು ಪಾನಗೋಷ್ಠಿಯವು ಎಂದಾಗುತ್ತದೆ. ಇರಲಿ.

ಮಧ್ಯಯುಗಕ್ಕೆ ಬಂದರೆ ಆರಿಸುವವರು ಪೋಪರು. ನಾಲ್ಕನೆಯ ಮಾರ್ಟಿನ್ ಎಂಬ ಪೋಪನನ್ನು ಡಾಂಟೆ ತನ್ನ ಮಹಾಕಾವ್ಯದ ಶುದ್ಧಿಲೋಕದಲ್ಲಿ, ಹೊಟ್ಟೆಬಾಕರ ಸಾಲಿನಲ್ಲಿ ನಿಲ್ಲಿಸಿದ್ದಾನೆ. ಬೊಲ್ಸೇನ ಸರೋವರದ ಹಾವುಮೀನನ್ನೂ ವೆರ್ನಾಚ ವೈನನ್ನೂ ಒಟ್ಟಿಗೆ ಸವಿದದ್ದಕ್ಕೆ ಅಲ್ಲಿ ಉಪವಾಸದ ಪ್ರಾಯಶ್ಚಿತ್ತ. ಊಟಕ್ಕೂ ವೈನಿಗೂ ಜೋಡಿ ಕೂಡಿಸಿದವನಿಗೆ ಕಾವ್ಯದಲ್ಲಿ ಇದಕ್ಕಿಂತ ಹಳೆಯ ಶಿಕ್ಷೆಯನ್ನು ನಾನು ಓದಿಲ್ಲ. ಹದಿನಾರನೆಯ ಶತಮಾನದ ಮೂರನೆಯ ಪಾಲ್ ಪೋಪನ ಉಗ್ರಾಣದ ಸಾಂತೆ ಲಾಂಚೆರಿಯೊ, ಸ್ವಾಮಿಗೆ ಯಾವ ಋತುವಿಗೆ ಯಾವ ವೈನು ಒಪ್ಪುತ್ತಿತ್ತೆಂದು ದೀರ್ಘ ಪತ್ರ ಬರೆದಿಟ್ಟಿದ್ದಾನೆ. ಅವನ ಪಟ್ಟಿಯಲ್ಲಿ ಕಾರ್ಸಿಕ, ಲಿಗೂರಿಯ, ಕ್ರೀಟ್‌ಗಳ ತನಕ ವೈನುಗಳಿವೆ. ಅವುಗಳಲ್ಲೊಂದರಿಂದ ಪೋಪ್ ಬೆಳಗ್ಗೆ ಕಣ್ಣು ತೊಳೆದುಕೊಳ್ಳುತ್ತಿದ್ದನಂತೆ!

ಹಾಗಾದರೆ ‘ಊರ ವೈನು’ ಎಂಬ ಗಡಿರೇಖೆಯನ್ನು ಎಳೆದವರು ಯಾರು? ಕಿಯಾಂತಿಯ ಮಟ್ಟಿಗೆ ಉತ್ತರ ಖಚಿತವಾಗಿದೆ. ೧೭೧೬ರಲ್ಲಿ ಟಸ್ಕನಿಯ ಅಧಿಪತಿ ಮೂರನೆಯ ಕೋಸಿಮೊ ದೆ ಮೆದಿಚಿ, ಕಿಯಾಂತಿಯೂ ಸೇರಿದಂತೆ ನಾಲ್ಕು ಸೀಮೆಗಳ ಎಲ್ಲೆಯನ್ನು ಆಜ್ಞಾಪತ್ರದಲ್ಲಿ ಬರೆಸಿದ. ಹಡಗೇರಿ ಹೊರದೇಶಕ್ಕೆ ಹೋಗುವ ಸರಕಿನ ಹೆಸರು ಕೆಡಬಾರದೆಂಬುದು ಅವನ ಚಿಂತೆ. ಆ ಸೀಮೆಯ ಒಕ್ಕಲು ಸಾರಿನ ಜೊತೆ ಏನು ಕುಡಿಯುತ್ತಾನೆಂಬುದಲ್ಲ. ಒಕ್ಕಲಿನ ಬಾಳು ‘ಮೆದ್ಸಾದ್ರಿಯ’ ಪದ್ಧತಿಗೆ ಕಟ್ಟುಬಿದ್ದಿತ್ತು. ನಮ್ಮಲ್ಲಿ ವಾರ ಅಥವಾ ಕೋರು ಎನ್ನುವಂಥದೇ: ನೆಲ ಒಡೆಯನದು, ದುಡಿಮೆ ಒಕ್ಕಲಿನದು, ಫಸಲು ಅರ್ಧರ್ಧ. ಪಾಲಿಗೆ ಬಂದ ಒಳ್ಳೆಯ ರಸವನ್ನೂ ಕೈಗಾಸಿಗಾಗಿ ಮಾರಿ, ಹಿಂಡಿ ಉಳಿದ ಸಿಪ್ಪೆಗೆ ನೀರು ಹೊಯ್ದು ತೆಗೆದ ತೆಳುರಸವನ್ನು ಮನೆಮಂದಿ ಕುಡಿಯುತ್ತಿದ್ದುದು ಸಾಮಾನ್ಯ. ಅದಕ್ಕೆ ‘ಅಕ್ವೆರೆಲ್ಲೊ’ ಎಂದು ಹೆಸರು. ‘ಅಕ್ವ’ ಎಂದರೆ ನೀರು.

ಇಂದು ನಾವು ಹಳೆಯ ಕಿಯಾಂತಿ ಎನ್ನುವುದರ ರುಚಿಯನ್ನು ರೂಪಿಸಿದವನು ಬ್ರೋಲಿಯೊ ಕೋಟೆಯ ಒಡೆಯ ಬೆತ್ತೀನೊ ರಿಕಾಸೊಲಿ. ಕವೂರನ ನಂತರ, ೧೮೬೧ರಲ್ಲಿ, ಇಟಲಿಯ ಪ್ರಧಾನಿಯಾದವನು. ವರ್ಷಗಳ ಕಾಲ ಪ್ರಯೋಗ ನಡೆಸಿ ೧೮೭೨ರಲ್ಲಿ ಪೀಸಾ ವಿಶ್ವವಿದ್ಯಾಲಯದ ಪ್ರೊಫೆಸರ್ ಸ್ತುದಿಯಾತಿಗೆ ಅವನು ಬರೆದ ಪತ್ರ ಪ್ರಸಿದ್ಧವಾಗಿದೆ. ಸುವಾಸನೆಗೂ ಕಸುವಿಗೂ ಸಾಂಜೊವೇಸೆ, ಅದರ ಬಿರುಸನ್ನು ತಗ್ಗಿಸಲು ಕನಾಯೋಲೊ. ಇನ್ನು ಮಲ್ವಸೀಯ ಎಂಬ ಬಿಳಿಯ ದ್ರಾಕ್ಷಿಯನ್ನು ದಿನನಿತ್ಯದ ಊಟದ ಹಗುರ ವೈನಿಗೆ ಮಾತ್ರ ಸೇರಿಸಬಹುದು, ವರ್ಷಗಟ್ಟಲೆ ಇಡುವ ವೈನಿಗೆ ಬೇಡ ಎಂಬುದು ಅವನ ಮತ. ಅಂದರೆ ಊಟವನ್ನು ನೋಡಿಕೊಂಡು ವೈನು ಬೆರೆಸಬೇಕೆಂಬ ವಿವೇಕ ಆ ಪತ್ರದಲ್ಲಿದೆ.

ಶಾಸನಕ್ಕೆ ಈ ವಿವೇಕ ಹಿಡಿಸಲಿಲ್ಲ. ೧೯೩೨ರಲ್ಲಿ ಕಿಯಾಂತಿಯ ಎಲ್ಲೆ ಕೋಸಿಮೊ ಎಳೆದುದಕ್ಕಿಂತ ಎಷ್ಟೋ ಹಿಗ್ಗಿತು. ೧೯೬೩ರಲ್ಲಿ ಇಟಲಿ ಸರಕಾರ ಊರ ಹೆಸರಿನ ವೈನುಗಳಿಗೆ ಕಾನೂನಿನ ರಕ್ಷಣೆ ಕೊಟ್ಟಿತು. ಅದರಡಿ ೧೯೬೭ರಲ್ಲಿ ಕಿಯಾಂತಿಗೆ ಬಂದ ನಿಯಮದ ಪ್ರಕಾರ ಬಿಳಿಯ ದ್ರಾಕ್ಷಿ ಶೇಕಡ ೧೦ರಿಂದ ೩೦ರವರೆಗೆ ಇರಲೇಬೇಕು. ರಿಕಾಸೊಲಿ ‘ಸೇರಿಸಬಹುದು’ ಎಂದದ್ದು ಇಲ್ಲಿ ‘ಸೇರಿಸತಕ್ಕದ್ದು’ ಆಯಿತು. ಅವನ ಪತ್ರದಲ್ಲಿಲ್ಲದ ತ್ರೆಬ್ಬಿಯಾನೊ ಎಂಬ ಹುಲುಸಾಗಿ ಬೆಳೆಯುವ ಸಪ್ಪೆ ದ್ರಾಕ್ಷಿಗೂ ಬಾಗಿಲು ತೆರೆಯಿತು. ಪಾಠಾಂತರ ಮೂಲಪಾಠವನ್ನು ನುಂಗುವುದನ್ನು ಹಸ್ತಪ್ರತಿಗಳಲ್ಲಿ ಕಂಡಿದ್ದೆ. ಪೀಪಾಯಿಯಲ್ಲಿಯೂ ನಡೆಯುತ್ತದೆಂದು ತಿಳಿದಿರಲಿಲ್ಲ. ಆಂತಿನೋರಿ ಮನೆತನದವರು ಈ ನಿಯಮದಿಂದ ಹೊರನಡೆದು ೧೯೭೧ರ ಬೆಳೆಯಿಂದ ‘ತಿನ್ಯಾನೆಲ್ಲೊ’ ಎಂಬ ವೈನನ್ನು ಮಾಡಿದರು. ೧೯೭೫ರಿಂದ ಅದರಲ್ಲಿ ಬಿಳಿಯ ದ್ರಾಕ್ಷಿಯೇ ಇಲ್ಲ. ಆಗಿನ ಕಾನೂನಿನ ಕಣ್ಣಿಗೆ ಅದು ಬರಿಯ ‘ಮೇಜಿನ ವೈನು’ ಆಗಿತ್ತು, ಎಲ್ಲಕ್ಕಿಂತ ಕೆಳಗಿನ ದರ್ಜೆ. ಮಾರುಕಟ್ಟೆಯಲ್ಲಿ ಅದರ ಬೆಲೆ ಮೇಲಿನವರನ್ನು ಮೀರಿಸಿತು.

ಇದೇ ಅವಧಿಯಲ್ಲಿ ಒಕ್ಕಲುಗಳು ಊರು ಬಿಟ್ಟರು. ೧೯೪೭ರಲ್ಲಿ ಅವರ ಪಾಲು ಶೇಕಡ ೫೩ಕ್ಕೆ ಏರಿತು. ೧೯೬೪ರ ಕಾನೂನು ಅದನ್ನು ೫೮ಕ್ಕೆ ಏರಿಸಿ, ಹೊಸದಾಗಿ ವಾರದ ಕರಾರು ಮಾಡಿಕೊಳ್ಳುವುದನ್ನೇ ನಿಷೇಧಿಸಿತು. ಅಷ್ಟರಲ್ಲಿ ಎಷ್ಟೋ ಮಂದಿ ಕಾರ್ಖಾನೆಗಳ ದಾರಿ ಹಿಡಿದಾಗಿತ್ತು. ಖಾಲಿಯಾದ ಕಲ್ಲುಮನೆಗಳಿಗೆ ಪಟ್ಟಣಿಗರೂ ಪರದೇಶದವರೂ ಬಂದರು. ಒಕ್ಕಲಿನ ಹೆಂಗಸು ಏನನ್ನೂ ಚೆಲ್ಲಲಾರದೆ ಮರಳಿ ಕುದಿಸಿದ ಸಾರು ಭೋಜನಶಾಲೆಯ ಪಟ್ಟಿಗೆ ಏರಿದ್ದೂ, ಒಡೆಯನ ನೆಲಮಾಳಿಗೆಯ ಕಿಯಾಂತಿ ಅದರ ಪಕ್ಕಕ್ಕೆ ಬಂದು ಕುಳಿತದ್ದೂ ಇದರ ನಂತರ.

ಕಿಯಾಂತಿಯ ಹಳೆಯ ನಡುಸೀಮೆಯಾದ ಕಿಯಾಂತಿ ಕ್ಲಾಸಿಕೊದಲ್ಲಿ ೨೦೦೬ರಿಂದ ಬಿಳಿಯ ದ್ರಾಕ್ಷಿಯನ್ನು ಸೇರಿಸುವಂತೆಯೇ ಇಲ್ಲ. ೧೯೬೭ರಲ್ಲಿ ಯಾವುದಿಲ್ಲದಿದ್ದರೆ ಸಂಪ್ರದಾಯ ಕೆಡುತ್ತಿತ್ತೋ ಈಗ ಅದಿದ್ದರೆ ಕೆಡುತ್ತದೆ. ನನಗೆ ಬಡಿಸಿದವನು ಎಳೆಯನು. ಅವನಿಗೆ ಇದನ್ನೆಲ್ಲ ಹೇಳಲು ನನಗೆ ಅವನ ಭಾಷೆಯೂ ಸಾಲದು, ಅವನಿಗೆ ಬಿಡುವೂ ಇರಲಿಲ್ಲ. ಸಾರು ಬಹಳ ರುಚಿಯಾಗಿತ್ತು. ಅವನು ಬಿಟ್ಟುಹೋದ ವೈನುಪಟ್ಟಿಯನ್ನು ಹಾಳೆ ತಿರುವಿ ನೋಡಿದೆ. ಅಕ್ವೆರೆಲ್ಲೊ ಅದರಲ್ಲಿ ಇರಲಿಲ್ಲ.